ಬಾಬಣ್ಣನ ಕರಿ ಕಂಬಳಿ

ಹಗಲಲ್ಲಿ ಬಾಬಣ್ಣನನ್ನು ಹುಡುಕಿಕೊಂಡು ಹೋದರೆ ಮೊದಲು ಕಾಣುತ್ತಿದ್ದದ್ದು ಅವನ ಹಿಂಭಾಗ. ಸೊಂಟದಿಂದ ಮೇಲೆಲ್ಲ ಕರಿ ಕಂಬಳಿಯೊಳಗೆ. ಕಂಬಳಿ ಯಾವುದೋ ಜೀಪಿನ ಅಥವಾ ಲಾರಿಯ ಮೂತಿಯ ಮೇಲೆ. ಬಿಸಿಲಲ್ಲಿ ಹೆಡ್‌ಲೈಟು ಹತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲವೆಂದು ಅವನು ಕಂಡುಕೊಂಡ ಉಪಾಯ ಅದು. ಬೈಗುಳವೂ ಅದರೊಳಗಿಂದಲೇ ಬರುತ್ತಿತ್ತು. "ಎಳೀರಿ ಸ್ವಿಚ್ಚು. ಹಂಗಲ್ಲ ಮಾರಾಯ್ರೆ, ಎಮ್ಮೆ ಹಿಂಡೋದಲ್ಲ ಇದು."

ಶಿರಸಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಚಹಾದ ಕ್ಯಾಂಟೀನಿನ ಮಗ್ಗುಲಲ್ಲಿ ಅವನ ತಗಡಿನ ಶೆಡ್ಡು. ಗಾಡಿಯ ಕರೆಂಟಿನ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಅಂಥ ನಿಯಮವೇನೂ ಇರಲಿಲ್ಲ. ಅವನಿಗೊಂದು ಚಟವಿತ್ತು. ವೈರು ಎತ್ತಿ ಹಿಡಿದು, ಗಾಡಿಯ ಧಣಿಗೆ ಪರೀಕ್ಷೆ ಮಾಡುವುದು. "ಇದು ಯಾವ ಬಣ್ಣ, ಹೇಳಿ ನೋಡ್ವ." ತಡವರಿಸಿದಿರೋ, ಮುಗಿಯಿತು.

ನಾನಾಗ ಕಾಲೇಜಿನಲ್ಲಿ ಗುಮಾಸ್ತ. ಮಾವ ಸತ್ತ ಮೇಲೆ ಅವರ ಓಬೀರಾಯನ ಕಾಲದ ಜೀಪು ನನ್ನ ಪಾಲಿಗೆ ಬಂದಿತ್ತು. ಅದರ ಹೆಡ್‌ಲೈಟು ಹತ್ತು ನಿಮಿಷ ಉರಿದು ತಂತಾನೇ ಆರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತುತ್ತಿತ್ತು. ಮೊದಲ ಸಲ ಒಯ್ದಾಗ ಬಾಬಣ್ಣ ವೈರು ತೋರಿಸಿದ. ಮಾಸಿ ಹೋಗಿದ್ದ ನೀಲಿ ವೈರನ್ನು ನಾನು ಹಸಿರು ಅಂದೆ. ಅವನು ಕೆಲಸ ಮುಂದುವರಿಸಿ ನೋಡಿದರೆ ನಾನು ಹೇಳಿದ ಬಣ್ಣ ತಾಳೆಯಾಗಲಿಲ್ಲ. "ಅಲ್ರೀ ಹೆಗಡೇರೆ, ಕಾಲೇಜಲ್ಲಿದ್ದು ಬಣ್ಣ ಗೊತ್ತಿಲ್ವಾ? ಹುಡುಗ್ರಿಗೆ ಎಂತ ಕಲಿಸ್ತೀರಿ ಅಲ್ಲಿ?" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಕ್ಯಾಂಟೀನಿನಲ್ಲಿ ನಮ್ಮ ಇಬ್ಬರು ಲೆಕ್ಚರರು ಕೂತಿದ್ದರು. ಮರುದಿನದಿಂದ ಕಾಲೇಜಿನಲ್ಲಿ ನಾನು ಹಸಿರು ಹೆಗಡೆ. ಆ ಹೆಸರು ನನ್ನನ್ನು ಎಷ್ಟು ಉರಿಸಿತೆಂದರೆ, ಅವನನ್ನು ಒಂದು ಕೈ ನೋಡಿಕೊಳ್ಳಲೇಬೇಕು ಎಂದು ಕಾಯುತ್ತಿದ್ದೆ.

ಕಾದದ್ದು ವ್ಯರ್ಥವಾಗಲಿಲ್ಲ. ಎರಡನೇ ಸಲ ಹೋದಾಗ ಕ್ಯಾಂಟೀನಿನವನು ಅವನ ಪಕ್ಕ ಚಹಾ ಇಟ್ಟು ಹೋದ. ಬಾಬಣ್ಣನ ಕೈ ಲೋಟದ ಆಚೆ ಈಚೆ ಬೆಂಚನ್ನು ಸವರಿತು. ಎರಡು ಸಲ ಸವರಿತು. ನನಗೆ ಥಟ್ಟನೆ ಹೊಳೆಯಿತು. ಇವನಿಗೆ ಕಣ್ಣು ಕಾಣುವುದಿಲ್ಲ. ಬಣ್ಣದ ಪರೀಕ್ಷೆ ನಮಗಲ್ಲ. ಅವನಿಗೆ ಗೊತ್ತಿಲ್ಲದ್ದನ್ನು ನಮ್ಮ ಬಾಯಿಂದ ಹೇಳಿಸಿಕೊಳ್ಳುತ್ತಿದ್ದಾನೆ. ಕುರುಡು ಮಿಸ್ತ್ರಿಗೆ ಗಾಡಿ ಕೊಡುವವರು ಯಾರು? ಆ ಕಂಬಳಿ ಮತ್ತು ಆ ಬೈಗುಳ ಎರಡೇ ಅವನ ಅನ್ನ ಕಾಯುತ್ತಿದ್ದವು. ಇದೆಲ್ಲ ಅರ್ಥವಾದಾಗ ನನಗೆ ಅಯ್ಯೋ ಅನ್ನಿಸಲಿಲ್ಲ. ಖುಷಿಯಾಯಿತು. ಅದನ್ನು ಈಗ ಮುಚ್ಚಿಟ್ಟು ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಅವತ್ತು ಅವನು ಲೈಟು ಹಾಕಿ, ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಹಿಂದೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಕೂತ. ಕೊನೆಗೆ, "ವೈರಿಂಗ್ ಸರಿ ಉಂಟು. ರೋಗ ಸ್ವಿಚ್ಚಿನ ಒಳಗೇ. ಬಿಸಿ ಆದ್ರೆ ಒಳಗಿನ ಪಟ್ಟಿ ಬಗ್ಗಿ ಕರೆಂಟು ಬಿಡ್ತದೆ. ಬಿಚ್ಚಿ ತಿಕ್ಕಬೇಕು. ಮೊದ್ಲು ಲೈಟು ನೋಡ್ವ" ಎಂದು ಆರಿಸಿ, ಇಳಿದು ಹೋಗಿ ಕಂಬಳಿಯೊಳಗೆ ಹೊಕ್ಕ.

ಸುಡುವ ಮಧ್ಯಾಹ್ನ. ನಾನು ಸ್ಟೀರಿಂಗಿನ ಮುಂದೆ ಕೂತು, ಕ್ಯಾಂಟೀನಿನಲ್ಲಿದ್ದ ನಾಲ್ಕೈದು ಡ್ರೈವರುಗಳನ್ನು ಕೈ ಸನ್ನೆಯಿಂದ ಕರೆದೆ.

"ಎಳೀರಿ."

ನಾನು ಸ್ವಿಚ್ಚು ಮುಟ್ಟದೆ ಎರಡೂ ಕೈ ಮೇಲೆತ್ತಿ ಅವರಿಗೆಲ್ಲ ತೋರಿಸಿದೆ. ಆಮೇಲೆ, "ಎಳೆದೆ ಬಾಬಣ್ಣ. ಹತ್ತಿತಾ?" ಅಂದೆ.

ಕಂಬಳಿ ಒಳಗಿಂದ ಅಲುಗಿತು. ಗಾಜಿನ ಮೇಲೆ ಕೈಯಿಟ್ಟು ನೋಡುತ್ತಿದ್ದನೆಂದು ಈಗ ಗೊತ್ತು. ಕರಿ ಕಂಬಳಿ, ಮೇಲಿಂದ ಬಿಸಿಲು; ಗಾಜು ಕಾದೇ ಇತ್ತು.

"ಹತ್ತಿದೆ. ಎರಡೂ ಹತ್ತಿದೆ. ಎಡಗಡೇದು ಸ್ವಲ್ಪ ಮಂದ."

ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಇಳಿದು ಹೋಗಿ ಕಂಬಳಿಯನ್ನು ಎಳೆದುಬಿಟ್ಟೆ. ಬಾಬಣ್ಣ ಗಾಜಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ. ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕೈಯಾಡಿಸಿ ನನ್ನಿಂದ ಕಂಬಳಿ ಇಸಕೊಂಡು, ಮೂಲೆಗೆ ಮೂಲೆ ಮುಟ್ಟಿಸಿ ಮಡಚಿ, ಕಂಕುಳಲ್ಲಿಟ್ಟುಕೊಂಡು ಶೆಡ್ಡಿನೊಳಗೆ ಹೋದ.

ಮನೆಗೆ ಬಂದು ಹೆಂಡತಿಗೆ ನಗುನಗುತ್ತಾ ಹೇಳಿದೆ. ಅವಳು ನಗಲಿಲ್ಲ. "ಅದೆಲ್ಲ ಇರ್ಲಿ, ಲೈಟು ಸರಿ ಆಜಾ?" ಅಂದಳು.

ಸರಿಯಾಗಿರಲಿಲ್ಲ. ಸುದ್ದಿ ಮಾತ್ರ ಸಿದ್ದಾಪುರ, ಯಲ್ಲಾಪುರದ ಡ್ರೈವರುಗಳವರೆಗೂ ಹೋಯಿತು. ಒಂದೇ ತಿಂಗಳಲ್ಲಿ ಶೆಡ್ಡಿಗೆ ಬೀಗ ಬಿತ್ತು. ನಾನು ಬೇರೆ ಮಿಸ್ತ್ರಿಯ ಹತ್ತಿರ ಹೋದೆ. ಅವನು ವೈರಿಂಗ್ ಎಲ್ಲ ಕಿತ್ತು ಹೊಸದು ಹಾಕಿದ, ಬಲ್ಬು ಬದಲಿಸಿದ, ಬ್ಯಾಟರಿ ಬದಲಿಸಿದ. ಸ್ವಿಚ್ಚನ್ನು ಮಾತ್ರ ಮುಟ್ಟಲಿಲ್ಲ. ಕುರುಡನ ಮಾತು ಹೇಳಿ ನಗೆಪಾಟಲಾಗಲು ನನಗೂ ಮನಸ್ಸಿರಲಿಲ್ಲ. ದಾಸನಕೊಪ್ಪದಿಂದ ಬರುವಾಗ ಒಂದು ಮುಸ್ಸಂಜೆ ತಿರುವಿನಲ್ಲೇ ಲೈಟು ಆರಿ, ಜೀಪು ಗಟಾರಕ್ಕಿಳಿದು, ಹೆಂಡತಿಯ ಬಲಗೈ ಮುರಿಯಿತು.

ಪ್ಲಾಸ್ಟರು ಹಾಕಿಸಿಕೊಂಡು ಬಂದ ದಿನ ಅವಳು ಕೇಳಿದಳು. "ಬಾಬಣ್ಣ ಎಂತ ಹೇಳಿದ್ದ?"

"ಸ್ವಿಚ್ಚು ಅಂದಿದ್ದ."

"ಹಂಗಾರೆ ಅಲ್ಲಿಗೇ ಹೋಗಿ."

ಬಾಬಣ್ಣನ ಮನೆಯ ಅಂಗಳದಲ್ಲಿ ಜೀಪು ನಿಲ್ಲಿಸಿದೆ. ಸದ್ದಿನಿಂದಲೇ ಗುರುತು ಹಿಡಿದಿರಬೇಕು. ಹೊರಗೆ ಬಂದವನು ಯಾರೆಂದು ಕೇಳಲಿಲ್ಲ. ನಾನು ತಪ್ಪಾಯಿತು ಅಂದೆ. ಅವನು ಸ್ಕ್ರೂಡ್ರೈವರ್ ತರಲು ಒಳಗೆ ಹೋದ. ಬಣ್ಣ ಕೇಳಲೇ ಇಲ್ಲ. ಬಿಚ್ಚುವ ಮೊದಲು ಒಂದೊಂದು ವೈರಿಗೂ ದಾರ ಕಟ್ಟಿದ, ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು. ಸ್ವಿಚ್ಚಿನೊಳಗೆ ಕಪ್ಪು ಹಿಡಿದಿದ್ದ ಹಿತ್ತಾಳೆಯನ್ನು ಉಪ್ಪುಕಾಗದದಿಂದ ತಿಕ್ಕಿ, ಪಟ್ಟಿಯನ್ನು ಉಗುರಲ್ಲಿ ಚೂರು ಎತ್ತಿ, ಎಲ್ಲ ಮತ್ತೆ ಕೂರಿಸಿದ. ನಾನು ಎಳೆದೆ. ಹತ್ತು ನಿಮಿಷ ಕಳೆಯಿತು, ಹದಿನೈದಾಯಿತು, ಇಪ್ಪತ್ತಾಯಿತು. ನಾನು ಇಳಿದು ಬಂದು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದೆ.

"ಹತ್ತಿದೆ ಬಾಬಣ್ಣ. ಎರಡೂ ಉರೀತಾ ಇದೆ."

ಅವನು ಗಾಜಿನ ಮೇಲೆ ಅಂಗೈ ಇಟ್ಟ.

"ಬಿಸಿ ಉಂಟು. ಬಿಸಿಲಿಗೂ ಬಿಸಿ ಆಗ್ತದೆ ಹೆಗಡೇರೆ. ಅದು ನೀವೇ ಕಲ್ಸಿದ್ದು."

ಆಮೇಲೆ ಮನೆಯ ಕಡೆ ತಿರುಗಿ ತನ್ನ ಹೆಂಡತಿಯನ್ನು ಕರೆದ. ಆಕೆ ಮಡಚಿದ ಆ ಕಂಬಳಿಯನ್ನೇ ತಂದಳು. ನನ್ನ ಕಡೆ ನೋಡದೆ ಅದನ್ನು ತಲೆಯ ಮೇಲೆ ಹಾಕಿಕೊಂಡು ಬಗ್ಗಿ ನೋಡಿದಳು. ಹತ್ತಿದೆ ಎಂದು ಆಕೆ ಹೇಳಿದ ಮೇಲೆ ಬಾಬಣ್ಣ ಗಾಜಿನಿಂದ ಕೈ ತೆಗೆದ.