ಕಾಕಾ ಬಂದ್ ಮಾಡಿದ್ದ ಸ್ವಿಚ್ಚು

ನಿನ್ನೆ ಸಂಜೆ ಮಿರ್ಚಿ ಭಜಿಗೆ ಹಿಟ್ಟು ಕಲೆಸುತ್ತಿದ್ದ ಹೆಂಡತಿ, "ಮ್ಯಾಲಿನ ಸೋಡಾ ಡಬ್ಬಿ ಇಳಿಸಿ ಕೊಡ್ರಿ" ಎಂದಳು. ಮುಚ್ಚಳ ಸಡಿಲವಾಗಿತ್ತು. ಇಳಿಸುವಾಗ ಒಂದಿಷ್ಟು ಪುಡಿ ನನ್ನ ಮುಂಗೈ ಮೇಲೆ ಚೆಲ್ಲಿತು. ತಿನ್ನುವ ಸೋಡಾಕ್ಕೆ ವಾಸನೆ ಎಂಬುದೇ ಇಲ್ಲ. ಆದರೂ ನನಗೆ ಮೂಗಿನ ತುಂಬ ಕರ್ಪೂರದ ಹೊಗೆ, ಅದರ ಹಿಂದೆಯೇ ಗಂಟಲು ಕೆರೆಯುವ ಆ್ಯಸಿಡ್ಡಿನ ಹುಳಿ... ಡಬ್ಬಿ ಹಿಡಿದು ನಿಂತೇಬಿಟ್ಟೆ. "ಎಣ್ಣಿ ಕಾದದ, ಎಲ್ಲಿ ಹೋದ್ರಿ?" ಎಂದು ಆಕೆ ಎರಡು ಸಲ ಕೇಳಿದಳಂತೆ.

ಹೋಗಿದ್ದು ಗೋವೆಯ ವೆರ್ಣಾದಲ್ಲಿದ್ದ ಆ ಶೆಡ್ಡಿಗೆ.

ಎಂಟು ವರ್ಷದ ಹಿಂದೆ ನಾನು ಅಲ್ಲಿ ಮ್ಯಾನೇಜರ್ ಆಗಿದ್ದೆ. ಹೆಸರಷ್ಟೇ ದೊಡ್ಡದು, ಇದ್ದದ್ದು ಐದು ಕ್ಯಾಂಪರ್ ವ್ಯಾನು, ಕೆಲಸಕ್ಕೆ ನಾಲ್ಕು ಜನ. ಹಾಸಿಗೆ, ಒಲೆ, ಪುಟ್ಟ ಫ್ರಿಜ್ಜು ಎಲ್ಲ ಒಳಗೇ ಇರುವ ಗಾಡಿಗಳು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಎಂಜಿನ್ ಚಾಲೂ ಮಾಡಲು ಮುಂದೊಂದು ಬ್ಯಾಟರಿ. ದೀಪ, ಫ್ಯಾನು, ನೀರಿನ ಪಂಪಿಗೆಂದು ಹಿಂದೆ ಇನ್ನೊಂದು ದೊಡ್ಡ ಬ್ಯಾಟರಿ, ಅದಕ್ಕೆ ಹೊರಗಿನಿಂದ ತೆರೆಯುವ ಪೆಟ್ಟಿಗೆ. ಈ ಹಿಂದಿನದು ಕೈಕೊಟ್ಟರೆ ಗಿರಾಕಿ ಬೀಚಿನ ಪಕ್ಕ ಬೆವರುತ್ತ ಕೂತು ಫೋನಿನಲ್ಲಿ ನನಗೆ ಉಗಿಯುತ್ತಿದ್ದ. ಹೀಗಾಗಿ ಬ್ಯಾಟರಿ ನೋಡಿಕೊಳ್ಳಲೆಂದೇ ಒಬ್ಬರಿದ್ದರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು.

ವಿಜಯಪುರದ ಕಡೆಯವರು. ಡಿಚೋಲಿಯಲ್ಲಿ ಗಣಿ ಲಾರಿಗಳ ವೈರಿಂಗ್ ಮಾಡುತ್ತ ಅರ್ಧ ಆಯುಷ್ಯ ಕಳೆದು, ಗಣಿ ನಿಂತ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಬೆಳಿಗ್ಗೆ ಬಂದವರು ಮೊದಲು ಕೈಯಲ್ಲಿನ ಸ್ಟೀಲ್ ಕಡಗ ಬಿಚ್ಚಿ ಗೋಡೆಯ ಮೊಳೆಗೆ ಹಾಕುತ್ತಿದ್ದರು. ಬ್ಯಾಟರಿಯ ಎರಡು ತುದಿಗೆ ಕಬ್ಬಿಣ ತಾಗಿದರೆ ಕೈ ಸುಟ್ಟಂತೆಯೇ ಎನ್ನುತ್ತಿದ್ದರು. ಆಮೇಲೆ ರಬ್ಬರ್ ಗ್ಲೌಸು, ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಡಬ್ಬಿ ತಿನ್ನುವ ಸೋಡಾ. ಆ್ಯಸಿಡ್ ನೆಲಕ್ಕೆ ಚೆಲ್ಲಿದರೆ ಸೋಡಾ, ಮೈಗೆ ಕಣ್ಣಿಗೆ ಸಿಡಿದರೆ ಬರೀ ನೀರು, ಸಾಕೆನ್ನುವಷ್ಟು ನೀರು. ಇದನ್ನು ನಮಗೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು.

ಧಾರವಾಡದವರು ನಿಧಾನ ಅಂತಾರೆ. ನನ್ನನ್ನು ನೋಡಿದವರು ಆ ಮಾತು ಆಡಲಾರರು. ನನಗೆ ಪ್ರತಿಯೊಂದಕ್ಕೂ ಅವಸರ, ಕಾಕಾನಿಗೆ ಯಾವುದಕ್ಕೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಗಾಡಿಗಳು ನಿಂತೇ ಇರುತ್ತಿದ್ದವು. ಆಗಲೂ ಅವರು ತಿಂಗಳಿಗೊಮ್ಮೆ ಒಂದೊಂದನ್ನೇ ನಿಧಾನ ಚಾರ್ಜ್ ಮಾಡಿ, ಚಾರ್ಜ್ ಮುಗಿದ ಮೇಲೆಯೇ ಬ್ಯಾಟರಿ ನೀರು ತುಂಬುತ್ತಿದ್ದರು. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಬ್ಬಿ ಹೊರಗೆ ಬರುತ್ತದಂತೆ. "ಇಷ್ಟ್ಯಾಕ ಲಾಲನೆ ಪಾಲನೆ ಕಾಕಾ, ಅದೇನು ಕೂಸಾ?" ಎಂದು ನಾನು ಕಾಡುತ್ತಿದ್ದೆ.

"ಎಮ್ಮಿ ಇದ್ದಂಗ್ರಿ ಸಾಹೇಬ್ರ," ಎನ್ನುತ್ತಿದ್ದರು. "ಪೂರಾ ಹಿಂಡಬಾರದು, ಉಪವಾಸ ಕೆಡವಬಾರದು. ಒದ್ರ ಮಾತ್ರ ಭಾಳ ಜೋರ ಒದೀತೈತಿ."

ಚಾರ್ಜ್ ಆಗುವ ಬ್ಯಾಟರಿಯಿಂದ ಅನಿಲ ಬರುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಅದಕ್ಕೇ ಚಾರ್ಜಿಗೆ ಇಟ್ಟಾಗ ಪೆಟ್ಟಿಗೆಯ ಬಾಗಿಲು ತೆರೆದೇ ಇರಬೇಕು, ಶೆಡ್ಡಿನಲ್ಲಿ ಬೀಡಿ ಕೂಡದು, ಊದುಬತ್ತಿ ಕೂಡದು. ಇಷ್ಟು ಕಟ್ಟುನಿಟ್ಟಿನ ಮನುಷ್ಯ ವರ್ಷದಲ್ಲಿ ಒಂದೇ ದಿನ ಬ್ಯಾಟರಿಯ ಹತ್ತಿರ ಬೆಂಕಿ ಒಯ್ಯುತ್ತಿದ್ದರು. ಅದು ನವಮಿಯ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ. ಹಿಂದಿನ ಸಂಜೆಯೇ ಐದೂ ಗಾಡಿಗಳ ಚಾರ್ಜರ್ ಬಂದ್ ಮಾಡಿ, ಪೆಟ್ಟಿಗೆಗಳ ಬಾಗಿಲು ತೆರೆದು, ರಾತ್ರಿಯೆಲ್ಲ ಗಾಳಿಯಾಡಲು ಬಿಟ್ಟು, ಮರುದಿನ ಚೆಂಡುಹೂವು ಏರಿಸಿ ಒಂದು ಮಾರು ದೂರದಿಂದ ಆರತಿ ತೋರಿಸುತ್ತಿದ್ದರು. "ವರ್ಷಪೂರ್ತಿ ಬೆಂಕಿ ಬ್ಯಾಡ ಅಂತೇನಿ. ಒಂದಿನ ಅದಕ್ಕೂ ಬೆಳಕ ಕಾಣಬೇಕಲ್ರಿ" ಎಂಬುದು ಅವರ ನ್ಯಾಯ.

ಆ ವರ್ಷ ನವಮಿಯ ದಿನವೇ ಸೀಸನ್ನಿನ ಮೊದಲ ಬುಕಿಂಗ್ ಇತ್ತು. ಮಧ್ಯಾಹ್ನ ಮೂರನೇ ಗಾಡಿ ಹೊರಡಬೇಕು. ಕಾಕಾ ಹಿಂದಿನ ಸಂಜೆ ಬಂದ್ ಮಾಡುವಾಗ ಅದರ ಬ್ಯಾಟರಿ ಇನ್ನೂ ಸ್ವಲ್ಪ ಕಡಿಮೆಯಿತ್ತು. "ಉಳಿದದ್ದು ಪೂಜಿ ಆದ ಮ್ಯಾಲೆ, ಎರಡು ತಾಸಿನ ಕೆಲಸ" ಎಂದು ಹೇಳಿಯೇ ಮನೆಗೆ ಹೋಗಿದ್ದರು. ನನಗೆ ಆ ಎರಡು ತಾಸಿನ ಮೇಲೆ ಭರವಸೆ ಬರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದೆ. ಗಾಡಿಯೊಳಗೆ ಹೋಗಿ ಚಾರ್ಜರಿನ ಸ್ವಿಚ್ಚು ಹಾಕಿದೆ. ಆ ಗಾಡಿಯ ಹಿಂಭಾಗ ಶೆಡ್ಡಿನಿಂದ ಹೊರಗೆ ಚಾಚಿಕೊಂಡಿತ್ತು, ಜಿಟಿಜಿಟಿ ಮಳೆ ಬೇರೆ. ನೀರು ಸಿಡಿಯುತ್ತದೆಂದು ಪೆಟ್ಟಿಗೆಯ ಬಾಗಿಲನ್ನೂ ಹಾಕಿದೆ. ಪೂಜೆಗೆ ಮೊದಲು ಬಂದ್ ಮಾಡಿ, ಬಾಗಿಲು ತೆಗೆದರಾಯಿತು, ಕಾಕಾನಿಗೆ ಗೊತ್ತಾಗುವ ಮಾತೇ ಇಲ್ಲ ಎಂದುಕೊಂಡೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಎಂದುಕೊಂಡಿರಬೇಕು.

ಆಮೇಲೆ ಮಾಲೀಕರು ಮನೆಮಂದಿಯೊಂದಿಗೆ ಬಂದರು. ತೆಂಗಿನಕಾಯಿ ಸಾಲಲಿಲ್ಲ, ನಿಂಬೆಹಣ್ಣು ತಂದಿರಲಿಲ್ಲ, ಗಿರಾಕಿಯ ಫೋನು... ಮರೆತೆ. ಇದಕ್ಕಿಂತ ದೊಡ್ಡ ಕಾರಣವೇನೂ ಇಲ್ಲ. ಮರೆತೆ, ಅಷ್ಟೇ.

ಕಾಕಾ ಆರತಿ ತಟ್ಟೆ ಹಿಡಿದು ಒಂದು ಗಾಡಿಯಾಯಿತು, ಎರಡಾಯಿತು, ಮೂರನೆಯದಕ್ಕೆ ಬಂದರು. "ಮಳಿಗೆ ಯಾರೋ ಬಾಗಲಾ ಹಾಕ್ಯಾರ" ಎನ್ನುತ್ತ, ಒಂದು ಕೈಯಲ್ಲಿ ತಟ್ಟೆ ಹಿಡಿದೇ ಇನ್ನೊಂದು ಕೈಯಿಂದ ಪೆಟ್ಟಿಗೆ ತೆರೆದರು. ನಾನು ಆಗ ನಾಲ್ಕು ಹೆಜ್ಜೆ ದೂರದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದೆ. ಸದ್ದು ಬಹಳ ದೊಡ್ಡದೇನೂ ಆಗಿರಲಿಲ್ಲ. ಲಾರಿಯ ಟಾಯರ್ ಒಡೆದಷ್ಟು.

ಬ್ಯಾಟರಿಯ ಮೇಲ್ಭಾಗ ಹಾರಿಹೋಗಿತ್ತು. ಕಾಕಾ ಎಡಗಣ್ಣು ಮುಚ್ಚಿಕೊಂಡು ಕುಸಿದಿದ್ದರು. ಅವರ ಬಕೆಟ್ಟಿನ ನೀರನ್ನೇ ನಾನು ಅವರ ಮುಖಕ್ಕೆ ಸುರಿದೆ, ಆಮೇಲೆ ಪೈಪು ತಂದು ಹಿಡಿದೆ. ನೀರಿನ ಕೆಳಗಿನಿಂದಲೇ ಅವರು ಹೇಳುತ್ತಿದ್ದರು, "ಯಾರೂ ಹಂತ್ಯಾಕ ಹೋಗಬ್ಯಾಡ್ರಿ. ಚಾರ್ಜರ್ ಚಾಲೂ ಐತೇನ ನೋಡ್ರಿ ಮೊದಲ." ಎಲ್ಲರೂ ಗಾಡಿಯ ಕಿಟಕಿಯಿಂದ ನೋಡಿದರು. ಚಾರ್ಜರಿನ ಹಸಿರು ದೀಪ ಉರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಮಾಲೀಕರು ಕೇಳಿದಾಗ ಕಾಕಾ ಒಂದೇ ಮಾತು ಹೇಳಿದರು: "ನಾನ ಬಂದ್ ಮಾಡೂದು ಮರತೇನ್ರಿ." ನಾನು ಮಂಚದ ಕಾಲುದೆಸೆಯಲ್ಲಿ ನಿಂತಿದ್ದೆ. ಬಾಯಿ ಬಿಡಬೇಕೆಂದರೂ ನಾಲಿಗೆ ಹೊರಳಲಿಲ್ಲ ಎಂದು ಇಲ್ಲಿ ಬರೆಯಬಹುದು. ಅದು ಸುಳ್ಳು. ನಾಲಿಗೆ ಚೆನ್ನಾಗಿಯೇ ಹೊರಳುತ್ತಿತ್ತು, ಹಣ್ಣಿನ ರಸ ತರಲೇ ಎಂದು ಕೇಳಿದೆನಲ್ಲ. ಮಾರನೆಯ ದಿನ ವರದಿ ಬರೆದವನೂ ನಾನೇ. 'ಸಿಬ್ಬಂದಿಯ ಮರೆವಿನಿಂದ' ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ಉಪ್ಪು ತಿಂದವನು ನಾನು, ನೀರು ಕುಡಿದವರು ಕಾಕಾ.

ಎಡಗಣ್ಣು ಉಳಿಯಲಿಲ್ಲ. ಎರಡು ತಿಂಗಳ ಮೇಲೆ ಒಂದು ದಿನ ಶೆಡ್ಡಿಗೆ ಬಂದರು, ಮೊಳೆಗೆ ಹಾಕಿದ್ದ ಕಡಗ ಒಯ್ಯಲು. ಕಡಗ ಕೈಗೆ ಹಾಕಿಕೊಂಡು, "ಸಾಹೇಬ್ರ, ಒಂದ ಮಾತ ಕೇಳ್ತೇನಿ" ಎಂದರು. "ಆ ಸಂಜಿ ಸ್ವಿಚ್ ಬಂದ್ ಮಾಡಿದ್ದು ನನಗ ಚಲೋತಂಗ ನೆನಪೈತ್ರಿ. ಈ ಕೈ ಬೆರಳ ಇನ್ನೂ ಹೇಳತೈತಿ ಬಂದ್ ಮಾಡೇನಿ ಅಂತ. ಆದ್ರ ದೀಪಾ ಹತ್ತಿತ್ತಲ್ಲ... ಹಿಂಗೂ ಆಕ್ಕೈತೇನ್ರಿ?"

ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ದೇವರು ಅದಕ್ಕಿಂತ ಸುಲಭದ ಅವಕಾಶ ಯಾರಿಗೂ ಕೊಟ್ಟಿರಲಾರ.

"ಆಗ್ತದ ಕಾಕಾ," ಎಂದೆ. "ವಯಸ್ಸಾತಲ್ಲ."

ಅವರು ತಲೆಯಾಡಿಸಿದರು. ಹೊರಡುವಾಗ, ಘಟ್ಟದ ಕೆಳಗಿನ ಮೊಲೆಂನಲ್ಲಿ ಮಗಳ ಮನೆ, ರಸ್ತೆಗೆ ಹತ್ತಿಯೇ ತಮ್ಮದೊಂದು ಚಹಾದಂಗಡಿ ಇದೆಯೆಂದು ಹೇಳಿ, "ಊರಿಗೆ ಹೋಗೂ ಮುಂದ ಚಾ ಕುಡದ ಹೋಗ್ರಿ" ಎಂದರು. ಧಾರವಾಡಕ್ಕೆ ಹೋಗುವುದೆಂದರೆ ಮೊಲೆಂ ಹಾದೇ ಹೋಗಬೇಕು. ಎಂಟು ವರ್ಷದಲ್ಲಿ ಎಷ್ಟು ಸಲ ಹಾದುಹೋದೆನೋ. ಹಬ್ಬಕ್ಕೆ, ಮದುವೆಗೆ, ಅಪ್ಪನ ತಿಥಿಗೆ... ಆ ಅಂಗಡಿ ಬಂದಾಗೆಲ್ಲ ನಾನು ಎದುರಿನ ರಸ್ತೆಯನ್ನೇ ನೋಡುತ್ತಿದ್ದೆ.

ಹೋದ ತಿಂಗಳು ಊರಿನಿಂದ ಒಬ್ಬನೇ ಬರುತ್ತಿದ್ದೆ. ಘಟ್ಟ ಇಳಿಯುವಷ್ಟು ದೂರವೂ ಇವತ್ತು ಹೇಳಲೇಬೇಕು, ಇವತ್ತು ಹೇಳಲೇಬೇಕು ಎಂದುಕೊಳ್ಳುತ್ತ ಬಂದು ಅಲ್ಲಿ ಗಾಡಿ ನಿಲ್ಲಿಸಿದೆ. ಕಾಕಾನ ಹೆಂಡತಿ, ನಮ್ಮೆಲ್ಲರ ಕಾಕು, ಒಲೆಯ ಮುಂದಿದ್ದರು. ಗುರುತು ಹೇಳಿದೆ. "ಬರ್ರಿ, ಕುಂಡರ್ರಿ" ಎಂದರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಕಾಕಾ ತೀರಿಹೋಗಿ ಏಳು ತಿಂಗಳಾಗಿತ್ತು.

"ಕಣ್ಣ ಹೋತಂತ ಅವರೆಂದೂ ಅಳಲಿಲ್ರಿ," ಎಂದರು ಕಾಕು, ಚಹಾ ಕುದಿಯಲು ಬಿಟ್ಟು. "ಕೈ ಮ್ಯಾಲಿನ ನಂಬಿಗಿ ಹೋತು. ಒಂದ ದೀಪಾ ಆರಿಸಿದ್ರ ಮೂರ ಸಲ ಎದ್ದ ಹೋಗಿ ನೋಡವರು. ಗ್ಯಾಸ್ ಮುಟ್ಟತಿರಲಿಲ್ಲ. ಮೊಮ್ಮಗಳನ್ನ ಎತ್ತಿಕೊಳ್ರಿ ಅಂದ್ರ, ಬ್ಯಾಡ, ನನ್ನ ಕೈ ಖರೇ ಅಲ್ಲ ಅನ್ನವರು. ಕೂಸು ತೊಡಿಮ್ಯಾಲೆ ಏರಿ ಬಂದ್ರೂ ಕೈ ಹಿಂದ ಕಟಗೊಂಡ ಕುಂಡರತಿದ್ರು."

ಆಗ ಹೇಳಿದೆ. ಕಾಕಾನ ಕೈ ತಪ್ಪಿರಲಿಲ್ಲ, ಅವರು ಬಂದ್ ಮಾಡಿದ್ದು ನಿಜ, ಚಾಲೂ ಮಾಡಿದ್ದು ನಾನು ಎಂದು ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ, ಬೈದರೆ ಸಾಕಾಗಿತ್ತು. ಅವರು ಚಹಾ ಸೋಸಿ ಕಪ್ಪು ನನ್ನ ಮುಂದಿಟ್ಟರು.

"ಇದನ್ನ ಅವರ ಮುಂದ ಹೇಳಬೇಕಿತ್ರಿ" ಎಂದರು.

ನಿನ್ನೆ ಭಜಿಯ ತಟ್ಟೆ ತಂದಿಟ್ಟ ಹೆಂಡತಿ, "ಏನಾತ್ರಿ, ಮುಖ ಯಾಕ ಹಿಂಗ ಆಗೇದ?" ಎಂದು ಕೇಳಿದಳು. ಇಷ್ಟು ವರ್ಷ ಆಕೆಗೂ ಹೇಳಿರಲಿಲ್ಲ. ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಭಜಿ ಆರಿಹೋಗಿದ್ದವು. ಇವತ್ತು ನಿಮಗೂ ಹೇಳುತ್ತಿದ್ದೇನೆ. ಈಗ ಯಾರ ಮುಂದೆಯಾದರೂ ಸಲೀಸಾಗಿ ಹೇಳಬಲ್ಲೆ, ಕೇಳಬೇಕಾಗಿದ್ದವರು ಮಾತ್ರ ಇಲ್ಲ. ಸ್ವಿಚ್ಚನ್ನು ಕಾಕಾ ಬಂದ್ ಮಾಡಿಯೇ ಹೋಗಿದ್ದರು.