ನೂರ ಹನ್ನೆರಡನೆಯ ಜಾಡಿಯ ಚೀಟಿ

ನಮ್ಮ ಬೆಟ್ಟಸಾಲಿನ ಕಪ್ಪೆ, ನೆಲಗಪ್ಪೆ, ಸಾಲಮಾಂಡರ್‌ಗಳ ಬಗ್ಗೆ ಇಂದು ಯಾರು ಏನು ಬರೆದರೂ ಅದರ ಬುಡದಲ್ಲಿ ಒಬ್ಬರ ಕೈಬರಹ ಇದ್ದೇ ಇರುತ್ತದೆ. ಮೂವತ್ತನಾಲ್ಕು ವರ್ಷ ಜೀವಿಸಂಗ್ರಹಾಲಯದ ಜಾಡಿಗಳನ್ನು ಕಾದು, ಇದೇ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ವಿದ್ವಾಂಸರು ಡಾಕ್ಟರ್ ಎಂದರೂ ನಾವೆಲ್ಲ ಕರೆಯುವುದು ಕಪ್ಪೆ ಮೇಷ್ಟ್ರು ಎಂದೇ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಆಗದ ಕೆಲಸ ಎಂದು ಗಾದೆ ಹೇಳುತ್ತದೆ. ಮೇಷ್ಟ್ರು ಅವನ್ನು ತೂಗಿದರು, ಅಳೆದರು, ಯಾವ ಹಳ್ಳದಲ್ಲಿ ಯಾವುದು ವಾಸ ಎಂದು ನಕ್ಷೆಯಲ್ಲಿ ಚುಕ್ಕೆಯಿಟ್ಟು ತೋರಿಸಿದರು.

ಈ ಲೇಖನ ಬರೆಯುತ್ತಿರುವ ಶಿಷ್ಯೆ ಅವರ ಕೈಕೆಳಗೆ ಹದಿನಾಲ್ಕು ವರ್ಷ ದುಡಿದವಳು. "ಟಿಪ್ಪಣಿಯಲ್ಲಿ ನಾನು, ನಾನು ಅಂತ ಬೇಡ, ಕಪ್ಪೆ ಇರ್ಲಿ" ಎಂಬುದು ಮೇಷ್ಟ್ರ ಮೊದಲ ಪಾಠ. ಆದ್ದರಿಂದ ಇಲ್ಲಿಯೂ ಅವಳು ಶಿಷ್ಯೆ ಎಂದೇ ಬರುತ್ತಾಳೆ. ಹಾಗೆ ಬಂದರೆ ಅವಳಿಗೆ ಒಂದಿಷ್ಟು ಧೈರ್ಯವೂ ಬರುತ್ತದೆ, ಸುಳ್ಳೇಕೆ ಹೇಳಬೇಕು?

ಅವಳು ಕೆಲಸಕ್ಕೆ ಸೇರಿದ ಮೂರನೆಯ ವರ್ಷದ ಮಳೆಗಾಲ. ಮೇಷ್ಟ್ರಿಗೆ ಜ್ವರ, ಶಿಷ್ಯೆ ಒಬ್ಬಳೇ ತಗಡಿನ ಡಬ್ಬಿಗಳನ್ನು ಹೊತ್ತು ಒಂದು ದಿನ ಬೆಟ್ಟದ ಈಚೆಯ ಮೂಡಣ ಹಳ್ಳಕ್ಕೆ, ಮರುದಿನ ಆಚೆಯ ಪಡುವಣ ಹಳ್ಳಕ್ಕೆ ಹೋಗಿಬಂದಳು. ಇಪ್ಪತ್ಮೂರು ಜೀವಿಗಳನ್ನು ಸ್ಪಿರಿಟ್ ತುಂಬಿದ ಜಾಡಿಗಳಿಗೆ ಇಳಿಸಿ, ಒಂದೊಂದರೊಳಗೂ ಸ್ಥಳ, ದಿನಾಂಕ ಬರೆದ ಚೀಟಿ ಹಾಕಿದಳು. ಬರೆದದ್ದು ಹೊಸ ಬಾಲ್‌ಪೆನ್ನಿನಲ್ಲಿ, ಮುದ್ದಾದ ಅಕ್ಷರಗಳಲ್ಲಿ. ಸ್ಪಿರಿಟ್‌ನಲ್ಲಿ ಶಾಯಿ ನಿಲ್ಲುವುದಿಲ್ಲ, ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಜಾಡಿಗಳ ತುಂಬ ತಿಳಿನೀಲಿ ನೀರು, ಚೀಟಿಗಳೆಲ್ಲ ಬೋಳು.

ಸಂಗ್ರಹಾಲಯದ ನಿರ್ದೇಶಕರು ಕೆಂಡಾಮಂಡಲವಾದರು. ಜ್ವರ ಇನ್ನೂ ಬಿಡದ ಮೇಷ್ಟ್ರು ಮಫ್ಲರ್ ಸುತ್ತಿಕೊಂಡೇ ಬಂದು, "ಪೆನ್ಸಿಲ್ ಕೊಡಬೇಕಾದವನು ನಾನು, ಕೊಟ್ಟಿರಲಿಲ್ಲ. ಬಯ್ಯೋದಿದ್ರೆ ನನಗೆ ಬಯ್ಯಿರಿ ಸಾರ್" ಎಂದು ಎದುರಿಗೆ ನಿಂತುಬಿಟ್ಟರು. ಅಂದೇ ಸಂಜೆ ಪ್ರತಿ ಮೇಜಿಗೂ ದಾರದಲ್ಲಿ ಒಂದೊಂದು ಪೆನ್ಸಿಲ್ ಕಟ್ಟಿಸಿದರು. ಅವು ಇಂದಿಗೂ ತೂಗಾಡುತ್ತಿವೆ. ಆಮೇಲೆ ಅವಳನ್ನು ಕೂರಿಸಿಕೊಂಡು, "ನೆನಪಿದ್ದಷ್ಟನ್ನ ಮತ್ತೆ ಬರಿಯಮ್ಮ" ಎಂದರು.

ಇಪ್ಪತ್ತೆರಡು ನೆನಪಿದ್ದವು. ಇಪ್ಪತ್ಮೂರನೆಯದು, ನೂರ ಹನ್ನೆರಡನೆಯ ಸಂಖ್ಯೆಯ ಜಾಡಿ, ನೆನಪಾಗಲೊಲ್ಲದು. ಅದರಲ್ಲಿದ್ದದ್ದು ಒಂದು ಸಾಲಮಾಂಡರ್: ನೋಡಲು ಹಲ್ಲಿ, ಮುಟ್ಟಿದರೆ ಕಪ್ಪೆಯ ತಣ್ಣನೆಯ ಒದ್ದೆ ಚರ್ಮ. ಯಾವ ಡಬ್ಬಿಯಿಂದ ತೆಗೆದೆನೆಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ತನಗಾಗಿ ಬೈಸಿಕೊಂಡವರ ಮುಂದೆ ಮತ್ತೆ ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಅವಳು ಪೆನ್ಸಿಲ್ಲಿನಲ್ಲಿ "ಮೂಡಣ ಹಳ್ಳ" ಎಂದು ಬರೆದಳು.

ಅಲ್ಲಿಯವರೆಗೆ ಆ ಜೀವಿ ಪಡುವಣ ಹಳ್ಳದಲ್ಲಿ ಮಾತ್ರ ಕಂಡಿತ್ತು. ಮೇಷ್ಟ್ರು ಮಗುವಿನಂತೆ ಹಿಗ್ಗಿದರು. ಅವರು ಆಗ ಬರೆಯುತ್ತಿದ್ದ ಪುಸ್ತಕದ ನಕ್ಷೆಯಲ್ಲಿ ಬೆಟ್ಟದ ಈಚೆಗೂ ಒಂದು ಚುಕ್ಕೆ ಬಿತ್ತು. ಎರಡನೆಯದನ್ನು ಹುಡುಕಲು ಅವರು ನಾಲ್ಕು ಮಳೆಗಾಲ ಮೂಡಣ ಹಳ್ಳದ ಕಲ್ಲುಗಳನ್ನು ಎತ್ತಿ ನೋಡಿದರು. ನಾಲ್ಕನೆಯ ಸಲ ಜಾರಿಬಿದ್ದು ಬಲ ಮಂಡಿ ಕೆಡಿಸಿಕೊಂಡರು. ಕೊನೆಗೆ, ಆ ಹಳ್ಳ ತನ್ನ ಸಾಲಮಾಂಡರ್‌ಗಳನ್ನು ಕಳೆದುಕೊಂಡಿದೆ ಎಂದು ದುಃಖಪಟ್ಟು ಎರಡನೆಯ ಮುದ್ರಣಕ್ಕೆ ಒಂದು ಅಧ್ಯಾಯವನ್ನೇ ಸೇರಿಸಿದರು. ಅದರ ಕರಡು ತಿದ್ದಿದವಳು ಶಿಷ್ಯೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು ಅವಳದು. ಹನ್ನೊಂದು ವರ್ಷ ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಮೇಷ್ಟ್ರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟದ ಸಮಿತಿಯವರು, "ಮೂಡಣ ಹಳ್ಳದ ಶೋಧದ ಬಗ್ಗೆ ನೀವೇ ಬರೆಯಬೇಕು" ಎಂದು ಪತ್ರ ಬರೆದಾಗ ಅವಳ ತಳಮಳ ಮಿತಿಮೀರಿತು. ಮೂರು ಸಲ ಬರೆದು ಹರಿದಳು. ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಹೋಗಿ, ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟಳು.

ಮೇಷ್ಟ್ರು ಕನ್ನಡಕ ತೆಗೆದರು. "ನಾಲ್ಕು ಮಳೆಗಾಲ ಕಣಮ್ಮ! ನನ್ನ ಮಂಡಿ ಹೋಯ್ತಲ್ಲೇ!"

ಅವರ ಪತ್ನಿ ಒಳಗಿನಿಂದಲೇ, "ಮಂಡಿ ಹೋಗಿದ್ದು ಹಳ್ಳದಿಂದಲ್ಲ ಬಿಡಿ, ನಿಮ್ಮ ಹೊಟ್ಟೆ ಹೊತ್ತು ಹೊತ್ತು" ಎಂದರು. ಯಾರೂ ನಗಲಿಲ್ಲ. ಮೇಷ್ಟ್ರು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂಬತ್ತು ದಿನ ಅವಳೊಡನೆ ಒಂದು ಮಾತೂ ಆಡಲಿಲ್ಲ.

ಹತ್ತನೆಯ ದಿನ ಸಂಗ್ರಹಾಲಯದಲ್ಲಿ ಅವಳ ಮೇಜಿನ ಬಳಿ ಬಂದು ನೂರ ಹನ್ನೆರಡನೆಯ ಜಾಡಿ ತರಿಸಿದರು. ಇಕ್ಕಳದಿಂದ ಚೀಟಿ ತೆಗೆದು ಆರಲು ಬಿಟ್ಟರು. ತಪ್ಪನ್ನು ಉಜ್ಜಿ ಅಳಿಸುವ ಪದ್ಧತಿ ಅವರಲ್ಲಿಲ್ಲ. ಓದಲು ಬರುವಂತೆ ಒಂದೇ ಗೆರೆ ಹೊಡೆದು ಸರಿಯಾದದ್ದನ್ನು ಕೆಳಗೆ ಬರೆಯಬೇಕು. ದಾರದ ಪೆನ್ಸಿಲ್ ಹಿಡಿದು "ಮೂಡಣ ಹಳ್ಳ" ಎಂಬುದರ ಮೇಲೆ ಗೆರೆ ಎಳೆದರು.

"ಪಡುವಣ ಹಳ್ಳ ಅಂತ ಬರೀತೀರಾ ಸಾರ್?"

"ನೋಡಿದ್ದೀಯಾ? ನೆನಪಿದೆಯಾ? ಇಲ್ವಲ್ಲ. ಮತ್ತೆ ಊಹೆ ಮಾಡಿ ಬರೆದ್ರೆ ಅದು ಎರಡನೇ ತಪ್ಪು." ಕೆಳಗೆ "ಸ್ಥಳ ತಿಳಿಯದು" ಎಂದು ಬರೆದು, ದಿನಾಂಕ ಹಾಕಿ, ಚೀಟಿಯನ್ನು ಅವಳತ್ತ ಸರಿಸಿದರು. ಅವಳು ಸಹಿ ಹಾಕುವಾಗ ಕಣ್ಣೀರು ಮೇಜಿನ ಮೇಲೆ ಬಿತ್ತು. "ಅಳು ಪರವಾಗಿಲ್ಲ, ಪೆನ್ಸಿಲ್ ಬರಹ ಅಳಿಸಿಹೋಗೋದಿಲ್ಲ" ಎಂದರು.

ಹೋಗುತ್ತ ಬಾಗಿಲಲ್ಲಿ ನಿಂತು, "ಇದನ್ನ ಆ ಸಂಪುಟಕ್ಕೆ ಬರಿ. ಪುಸ್ತಕ ಓದಿದವರಿಗೆ ಜಾಡಿಯೊಳಗಿನ ಚೀಟಿ ಕಾಣಲ್ಲ. ಹೊಗಳಿಕೆ ಬರೆಯೋಕೆ ಬೇರೆ ಜನ ಇದ್ದಾರೆ" ಎಂದರು.

ಅದರಂತೆ ಬರೆದದ್ದಾಯಿತು. ಮೇಷ್ಟ್ರ ನಕ್ಷೆಯಲ್ಲಿ ಬೆಟ್ಟದ ಈಚಿನ ಚುಕ್ಕೆಗೆ ಆಧಾರವಿಲ್ಲ. ತಪ್ಪು ಅವರದಲ್ಲ, ಶಿಷ್ಯೆಯದು. ಮೂಡಣ ಹಳ್ಳ ಏನನ್ನೂ ಕಳೆದುಕೊಂಡಿಲ್ಲದೆಯೂ ಇರಬಹುದು.

ಗುರುಗಳಿಗೆ ದೀರ್ಘಾಯುಷ್ಯವನ್ನು ಹಾರೈಸಬೇಕಾದ ಜಾಗವಿದು. ಶಿಷ್ಯೆ ನೂರು ವರ್ಷ ಬಾಳಿ ಎಂದಾಗ ಅವರು, "ನೂರು ಯಾಕೆ, ಗಟ್ಟಿಯಾದ ನಾಲ್ಕು ಮಳೆಗಾಲ ಸಾಕು. ಎರಡು ಹಳ್ಳನೂ ಮೊದಲಿಂದ ನೋಡೋಣ" ಎಂದರು. ಆ ನಾಲ್ಕು ನಲವತ್ತಾಗಲಿ, ಮಂಡಿಯೂ ಅವರೊಡನೆ ಗಟ್ಟಿಯಾಗಿರಲಿ. ಡಬ್ಬಿಗಳನ್ನು ಶಿಷ್ಯೆ ಹೊರುತ್ತಾಳೆ. ಚೀಟಿಯನ್ನು ಯಾರು ಬರೆಯುವುದು ಎಂದು ಅವಳು ತಲೆ ತಗ್ಗಿಸಿ ಕೇಳಿದಾಗ, ಮೇಷ್ಟ್ರು ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದು ಅವಳ ಕೈಗಿಟ್ಟರು.

"ನೀನೇ ಬರಿ. ಇನ್ಮೇಲೆ ನಿನ್ನಷ್ಟು ಹುಷಾರಾಗಿ ಬರೆಯೋರು ಯಾರಿದ್ದಾರೆ?"