ಭೂಮಿಯ ಹೊಟ್ಟೆಯಲ್ಲಿ ಜೋಕಾಲಿ

ನಮ್ಮ ಪಂಪಾ ಗೆದ್ದಳು! ಹತ್ತನೇ ತರಗತಿ ಓದುವ ನನ್ನ ಮೊಮ್ಮಗಳಿಗೆ ಇವತ್ತು ಹೊಸಪೇಟೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಕಮಲಾಪುರದವರೆಗೆ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಕಂಡಕ್ಟರನಿಗೆ ಎರಡು ಸಲ ಹೇಳಿದೆನಂತೆ. ಹೇಳಿರಬಹುದು.

ಮನೆಗೆ ಬಂದು ಅವಳ ಚೀಲ ಬಿಚ್ಚಿದರೆ ಮೂಗಿಗೆ ಬಡಿದದ್ದು ಹಳೆಯ ಹಗ್ಗದ ವಾಸನೆ. ನನ್ನ ತವರು ಮೆಟ್ರಿಯ ಜೋಕಾಲಿ ಹಗ್ಗ ಅದು. ಪ್ರತಿ ನಾಗರಪಂಚಮಿಗೆ ಅಟ್ಟದಿಂದ ಇಳಿಸುತ್ತಿದ್ದೆ, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈಗ ಅದರಿಂದ ಕತ್ತರಿಸಿದ ಎರಡು ತುಂಡು ಚೀಲದಲ್ಲಿವೆ. ಕತ್ತರಿಸಿದವಳು ನಾನೇ.

ನಾನು ಓದಿದ್ದು ಮೂರನೇ ತರಗತಿ. ಪಂಪಾ ಓದುವುದು ನನಗೆ ಎಲ್ಲಿ ತಿಳಿಯಬೇಕು? ಆದರೂ ಅವಳು ನನ್ನನ್ನು ಬಿಡುವುದಿಲ್ಲ. ಹೋದ ತಿಂಗಳು ಊಟಕ್ಕೆ ಕುಳಿತಾಗ ಕೇಳಿದಳು:

"ಅಜ್ಜಿ, ನಮ್ಮ ಅಂಗಳದಿಂದ ಭೂಮಿ ಆ ಕಡಿಗೆ ನೆಟ್ಟಗ ತೂತು ಕೊರದು ಒಂದು ಕಲ್ಲು ಬಿಟ್ರ ಏನಾಗ್ತೈತಿ?"

"ನಡುವ ಹೋಗಿ ಕುಂದರ್ತೈತಿ. ಬಾವಿಗೆ ಬಿದ್ದ ಕೊಡ ತಳ ಹಿಡಿಯಂಗಿಲ್ಲೇನು, ಹಂಗ."

"ಇಲ್ಲಜ್ಜಿ! ನಡುವಿಗೆ ಬರೂ ಹೊತ್ತಿಗೆ ಭಾಳ ಜೋರಿರ್ತೈತಿ. ಅದ ಜೋರಿಗೆ ದಾಟಿ ಆ ಕಡಿ ಬಾಯಿತನಕ ಹೋಗಿ, ಒಂದು ಗಳಿಗಿ ನಿಂತು, ತಿರುಗಿ ಬರ್ತೈತಿ. ತೂತಿನಾಗ ಗಾಳಿ ಇರಬಾರದು, ಅಷ್ಟ."

ಸಂಡೂರು ಗುಡ್ಡದ ಗಣಿಯಲ್ಲಿ ಬಂಡೆ ಕೊರೆಯುವ ಮಷಿನ್ ನಡೆಸುವ ಮಗ ಬಸಣ್ಣ, ಅಂದರೆ ಅವಳಪ್ಪ, ರೊಟ್ಟಿ ಮುರಿಯುತ್ತಲೇ ನಕ್ಕ. "ಭೂಮಿ ಹೊಟ್ಯಾಗ ಬರೇ ಬೆಂಕಿ ಐತಿ. ನಿಮ್ಮ ತೂತು ಕೊರ್ಯಾಕ ನಾ ಬರಂಗಿಲ್ಲ ತಾಯಿ."

"ಮನಸಿನಾಗ ಕೊರಿಯೋದಪ್ಪ. ಅದಕ್ಕ ನಿನ್ನ ಮಷಿನ್ ಬ್ಯಾಡ."

ಬಾಯಿ ಇಷ್ಟು ಚುರುಕಿರುವುದು ಮನೆಯಲ್ಲಿ ಮಾತ್ರ. ಹೋದ ವರ್ಷ ಇದೇ ಪ್ರದರ್ಶನದಲ್ಲಿ ಪರೀಕ್ಷಕರು ಪ್ರಶ್ನೆ ಕೇಳಿದಾಗ ಅವಳ ಬಾಯಿ ಕಟ್ಟಿಹೋಗಿತ್ತು. ಒಂದು ಮಾತೂ ಆಡದೆ ಅತ್ತುಕೊಂಡು ಬಂದಿದ್ದಳು. ಈ ಸಲವೂ ಹಾಗಾದರೆ ಇನ್ನೆಂದೂ ನಾಲ್ಕು ಜನರ ಮುಂದೆ ನಿಲ್ಲುವುದಿಲ್ಲ ಎಂದು ಹಟ ಹಿಡಿದಿದ್ದಳು.

ಈ ಸಲ ಪ್ರದರ್ಶನಕ್ಕೆ ಅವಳು ಆರಿಸಿದ್ದು ಭೂಮಿಯ ಈ ಸುರಂಗವನ್ನೇ. ಮೇಷ್ಟ್ರು ಹೇಳಿಕೊಟ್ಟ ಒಂದು ಮಾತು ಅವಳಿಗೆ ಬಾಯಿಪಾಠವಾಗಿತ್ತು, ಮನಸ್ಸಿಗೆ ಹತ್ತಿರಲಿಲ್ಲ. ಭೂಮಿಯನ್ನು ಎಲ್ಲ ಕಡೆ ಒಂದೇ ಹದದ ಮಣ್ಣಿನುಂಡೆ ಎಂದುಕೊಂಡರೆ, ಕಲ್ಲನ್ನು ಸುರಂಗದ ಬಾಯಿಯಿಂದ ಬಿಟ್ಟರೂ ಅರ್ಧ ದಾರಿಯಿಂದ ಬಿಟ್ಟರೂ ನಡುವಿಗೆ ಬರಲು ಹಿಡಿಯುವ ಹೊತ್ತು ಒಂದೇ.

"ದೂರದ್ದು ತಡ ಆಗಬೇಕಲ್ಲಜ್ಜಿ? ಇದನ್ನ ಕೇಳಿದ್ರ ನಾ ಮತ್ತ ಮೂಕಿ ಆಗ್ತೀನಿ."

ಆಗ ನನಗೆ ಮೆಟ್ರಿಯ ಬೇವಿನ ಮರ ನೆನಪಾಯಿತು ನೋಡಿ. ಒಂದೇ ಕೊಂಬೆಗೆ ಸಮ ಉದ್ದದ ಎರಡು ಜೋಕಾಲಿ. ಹುಡುಗಿಯರ ಸಾಲು ದೊಡ್ಡದು, ಆದ್ದರಿಂದ ಒಬ್ಬೊಬ್ಬರಿಗೆ ಹತ್ತೇ ಜೀಕು. ಮೇಲೆ ಹೋದಷ್ಟೂ ಹೆಚ್ಚು ಹೊತ್ತು ಕೂರಬಹುದು ಎಂಬುದು ನನ್ನ ಜಾಣತನ. ಗೆಳತಿಯರಿಂದ ಜೋರಾಗಿ ದೂಡಿಸಿಕೊಂಡೆ. ಪಕ್ಕದ ಜೋಕಾಲಿಯಲ್ಲಿ ತಂಗಿ ರೇಣುಕಾ ತೊಟ್ಟಿಲಿನ ಹಾಗೆ ಮೆಲ್ಲಗೆ ತೂಗುತ್ತಿದ್ದಳು. ನೋಡಿದರೆ ಇಬ್ಬರ ಹತ್ತೂ ಒಟ್ಟಿಗೇ ಮುಗಿಯಬೇಕೆ! ಎಣಿಸಿದವಳು ಮೋಸ ಮಾಡಿದಳೆಂದು ನೆಲಕ್ಕೆ ಬಿದ್ದು ಅತ್ತೆ. ಅವ್ವ ಮೂಗು ಒರೆಸುತ್ತ ಹೇಳಿದಳು: "ದೂರ ಹೋದಾಕಿ ಜೋರ ಬಂದಿ, ಹತ್ರ ಇದ್ದಾಕಿ ಮೆಲ್ಲಕ ಬಂದಾಳ. ಯಾರ್ದೂ ಮೋಸಿಲ್ಲ, ಏಳ."

ಇದನ್ನು ಹೇಳುತ್ತಿದ್ದಂತೆ ಪಂಪಾ ಕೈಯ ತುತ್ತನ್ನು ಹಾಗೇ ಹಿಡಿದು ಕೂತಳು. "ಅಜ್ಜಿ, ಅದ ಇದು!"

ಕೂಡಲೇ ಅಟ್ಟದ ಹಗ್ಗ ಇಳಿಸಿದೆ. ಕುಡುಗೋಲು ಇಡುವ ಮೊದಲು ಅದನ್ನೊಮ್ಮೆ ಸವರಿದೆ, ಸುಳ್ಳೇಕೆ ಹೇಳಲಿ. ಸಮ ಉದ್ದದ ಎರಡು ತುಂಡಿಗೆ ಎರಡು ಕಲ್ಲು ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗು ಹಾಕಿ, ಒಂದನ್ನು ದೂರದಿಂದ, ಒಂದನ್ನು ಹತ್ತಿರದಿಂದ ಒಮ್ಮೆಲೇ ಬಿಟ್ಟೆವು. ನಡುವಿಗೆ ಎರಡೂ ಕೂಡಿಯೇ ಬಂದವು.

ಇವತ್ತು ನಾನು ಬಾಗಿಲ ಬಳಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ಕನ್ನಡಕದ ಪರೀಕ್ಷಕರು ಅದನ್ನೇ ಕೇಳಿದರು. "ಅರ್ಧ ದಾರಿಯಿಂದ ಬಿಟ್ಟರೆ ಬೇಗ ಬರಬೇಕಲ್ಲಮ್ಮ?" ಪಂಪಾಳ ತುಟಿ ಅಲುಗಿತು, ಮಾತಿಲ್ಲ. ಹೋಯಿತು ಎಂದುಕೊಂಡೆ. ಅವಳು ನನ್ನತ್ತ ನೋಡಿದಳು, ತೂಗುಬಿಟ್ಟ ಹಗ್ಗ ನೋಡಿದಳು.

"ಇಲ್ರಿ ಸರ್. ಇದಕ್ಕ ನಮ್ಮಜ್ಜಿ ಸಣ್ಣಾಕಿ ಇದ್ದಾಗ ನೆಲಕ್ಕ ಬಿದ್ದು ಅತ್ತಿದ್ಲು."

ಮಂದಿಯೆಲ್ಲ ನಕ್ಕರು, ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವಳು ನಿಲ್ಲಲಿಲ್ಲ. ನಡುವಿನಿಂದ ದೂರದಲ್ಲಿ ಸೆಳೆತ ಹೆಚ್ಚು, ಹತ್ತಿರದಲ್ಲಿ ಕಡಿಮೆ ಎಂದು ಎರಡು ಕಲ್ಲು ಬಿಟ್ಟು ತೋರಿಸಿ, ಕೇಳಿದ್ದಕ್ಕೂ ಕೇಳದ್ದಕ್ಕೂ ಹೇಳಿದಳು. ನನ್ನ ಅವ್ವನ ಮಾತು ಹೊಸಪೇಟೆಯ ಆ ಸಭಾಂಗಣದಲ್ಲಿ ಪಾಠವಾಯಿತು.

ಸಂಜೆ ಸೊಸೆ ಹೋಳಿಗೆ ಮಾಡಿದಳು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವುದು ನನ್ನ ರೂಢಿ. ಪಂಪಾ ನನ್ನ ಕೈಯಿಂದ ತುಪ್ಪದ ಗಿಂಡಿ ಕಸಿದು, "ಇವತ್ತು ನೀನೂ ಸಾಲಿನಾಗ ಕುಂದ್ರಬೇಕು" ಎಂದು ತನ್ನ ಪಕ್ಕ ಎಳೆದು ಕೂರಿಸಿದಳು. ಬಸಣ್ಣ, ಸೊಸೆ, ನಾವಿಬ್ಬರು, ಎಲ್ಲ ಒಂದೇ ಸಾಲು. ಅವಳ ತಾಟಿನಲ್ಲಿ ನಾಲ್ಕು ಹೋಳಿಗೆ, ಹಲ್ಲಿಲ್ಲದ ನನ್ನ ತಾಟಿನಲ್ಲಿ ಒಂದು. ಅವಳು ಜೋರಾಗಿ, ನಾನು ಮೆಲ್ಲಗೆ.

ನೋಡಿದರೆ, ಇಬ್ಬರದೂ ಒಟ್ಟಿಗೇ ಮುಗಿದಿತ್ತು.